ಹಳೆಯ ಮನೆ, ಹೊಸ ಒಕ್ಕಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಹಿರಿಯರು ಹೇಳಿದ್ದಾರೆ. ಹಳೆಯ ಮನೆ ಕೊಂಡು ನೋಡು ಅಂತ ಯಾರೂ ಸೇರಿಸಿಲ್ಲ. ಸೇರಿಸಬಹುದಿತ್ತು.

ಹೊಸ ಮನೆ ಕಟ್ಟಲು ಸಿಮೆಂಟು ಬೇಕು, ಕಬ್ಬಿಣ ಬೇಕು, ಮರಳು ಬೇಕು. ಕೂಲಿ ಕೊಡಬೇಕು. ಎಲ್ಲರ ಕೈಗೂ ಅದು ಎಟುಕುವುದಿಲ್ಲ. ಊರಲ್ಲಿ ಹಳೆಯ ಮನೆಗಳು ಇರುತ್ತವೆ. ಮಕ್ಕಳು ಬೆಂಗಳೂರು ಸೇರಿರುತ್ತಾರೆ. ಬಾಗಿಲಿಗೆ ಬೀಗ ಬಿದ್ದಿರುತ್ತದೆ. ಸೂರಿನ ಹಂಚು ಜಾರಿರುತ್ತದೆ. ಅಂಥ ಮನೆ ಕಡಿಮೆ ಬೆಲೆಗೆ ಸಿಗುತ್ತದೆ. ಕೊಂಡು, ರಿಪೇರಿ ಮಾಡಿಸಿ, ಒಕ್ಕಲು ಹೋಗುವವರು ಬಹಳ ಮಂದಿ.

ತಿಪಟೂರು ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ ಹಾಗೆ ಮನೆ ಕೊಂಡರು. ಕೊಬ್ಬರಿ ಮಂಡಿಯಲ್ಲಿ ಕೂಲಿ ಮಾಡುವವರು. 15 ವರ್ಷದ ಉಳಿತಾಯ, ಮಾರಿದ ಒಂದು ಜೊತೆ ಎತ್ತು, ಸಂಘದ ಸಾಲ, ಇಷ್ಟು ಸೇರಿಸಿ ಹೊರಟರು. ಅವರ ಜೊತೆ ನಾವೂ ಓಡಾಡಿದೆವು. ಆ ಓಡಾಟದಲ್ಲಿ ಕಂಡದ್ದನ್ನು ಈ ಪಾಠದಲ್ಲಿ ಬರೆದಿದ್ದೇವೆ.

ಮಳೆಗಾಲದಲ್ಲಿ ನೋಡಿ

ಹಳೆಯ ಮನೆಯನ್ನು ಬೇಸಿಗೆಯಲ್ಲಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಮಾರುವವರು ಸುಣ್ಣ ಬಳಿದು, ಬಾಗಿಲಿಗೆ ಬಣ್ಣ ಹಚ್ಚಿ ಇಟ್ಟಿರುತ್ತಾರೆ. ಮಳೆ ಬಂದಾಗ ಹೋಗಿ ನೋಡಬೇಕು. ಎಲ್ಲಿ ಸೋರುತ್ತದೆ, ಹಿತ್ತಲ ನೀರು ಯಾವ ಕಡೆ ಹರಿಯುತ್ತದೆ, ಯಾವ ಗೋಡೆ ನೆನೆಯುತ್ತದೆ ಎಂದು ಮಳೆಯೇ ತೋರಿಸುತ್ತದೆ. ಈ ಅಕ್ಕ ಮನೆ ನೋಡಿದ್ದು ಭಾದ್ರಪದದಲ್ಲಿ. ಕೊಡೆ ಹಿಡಿದುಕೊಂಡೇ ನಡುಮನೆಯಲ್ಲಿ ನಿಂತಿದ್ದೆವು.

ಮೊದಲು ತಲೆ ಎತ್ತಿ ನೋಡಿ. ಹಂಚಿನ ಸಂದಿಯಲ್ಲಿ ಬೆಳಕು ಕಾಣುತ್ತದೆಯೇ? ಒಂದೆರಡು ಕಡೆ ಕಂಡರೆ ಹಂಚು ಬದಲಾಯಿಸಿದರೆ ಆಯಿತು. ಮಾಡು ನಡುವೆ ಬಗ್ಗಿದ್ದರೆ ಕೆಳಗಿನ ತೊಲೆಯೋ ಪಕಾಸೋ ಕೈಕೊಟ್ಟಿದೆ ಎಂದು ತಿಳಿಯಿರಿ. ಅದು ದೊಡ್ಡ ಖರ್ಚು.

ಮರವನ್ನು ಬೆರಳಿನಿಂದ ಬಡಿಯಿರಿ. ಗಟ್ಟಿ ಮರ ಗಟ್ಟಿ ಸದ್ದು ಕೊಡುತ್ತದೆ. ಒಳಗೆ ಗೆದ್ದಲು ತಿಂದಿದ್ದರೆ ಟೊಳ್ಳು ಸದ್ದು. ಅನುಮಾನ ಬಂದರೆ ಚಾಕುವಿನ ತುದಿಯಿಂದ ಚುಚ್ಚಿ. ಸುಲಭವಾಗಿ ಒಳಗೆ ಹೋದರೆ ಆ ಮರ ಆಗುವುದಿಲ್ಲ. ತೊಲೆಯ ತುದಿ ಗೋಡೆಯೊಳಗೆ ಸೇರುವ ಜಾಗ, ದಾರಂದದ ಬುಡ, ಇವೆರಡನ್ನು ಬಿಡದೆ ನೋಡಿ. ಗೆದ್ದಲು ಮೊದಲು ಹಿಡಿಯುವುದು ಅಲ್ಲೇ. ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಅದು ಗೆದ್ದಲಿನ ದಾರಿ.

ಗೋಡೆಯ ಬಿರುಕಿಗೆ ಎಲ್ಲರೂ ಹೆದರುತ್ತಾರೆ. ಎಲ್ಲ ಬಿರುಕೂ ಒಂದೇ ಅಲ್ಲ. ಕೂದಲಿನಷ್ಟು ಸಣ್ಣದು ಮೇಲಿನ ಗಾರೆಯದ್ದು. ಅದರಿಂದ ಮನೆ ಬೀಳುವುದಿಲ್ಲ. ಓರೆಯಾಗಿ ಹೋದ, ಬೆರಳು ತೂರುವಷ್ಟು ಅಗಲದ ಬಿರುಕು ಬೇರೆ ಕಥೆ. ಪಾಯ ಕುಸಿದಿರಬಹುದು. ಕುಸಿಯುವುದು ನಿಂತಿದೆಯೋ, ಇನ್ನೂ ನಡೆದಿದೆಯೋ ಎಂದು ತಿಳಿಯುವುದು ಹೇಗೆ? ನಮ್ಮ ಊರಿನ ಗಾರೆ ಕೆಲಸದ ಅಣ್ಣ ಒಂದು ಉಪಾಯ ಹೇಳಿಕೊಟ್ಟರು. ಒಂದು ಬೆರಳಗಲದ ಕಾಗದದ ಪಟ್ಟಿ ತೆಗೆದುಕೊಳ್ಳಿ. ಬಿರುಕಿನ ಮೇಲೆ ಅಡ್ಡಲಾಗಿ, ಬಿಗಿಯಾಗಿ ಅಂಟಿಸಿ. ಅದರ ಮೇಲೆ ತಾರೀಖು ಬರೆಯಿರಿ. ಒಂದೆರಡು ತಿಂಗಳು ಬಿಟ್ಟು ನೋಡಿ. ಕಾಗದ ಹರಿದಿದ್ದರೆ ಗೋಡೆ ಇನ್ನೂ ಸರಿಯುತ್ತಿದೆ.

ಅಕ್ಕ ಮೂರು ಕಡೆ ಪಟ್ಟಿ ಅಂಟಿಸಿ, ತಮ್ಮ ಕೈಯಾರೆ ತಾರೀಖು ಬರೆದರು. ಎರಡು ಹಾಗೇ ಉಳಿದವು. ಬಚ್ಚಲ ಗೋಡೆಯದು ಹರಿಯಿತು. ಬಚ್ಚಲ ನೀರು ವರ್ಷಗಟ್ಟಲೆ ಗೋಡೆಯ ಬುಡದಲ್ಲೇ ಇಂಗಿತ್ತು. ಆ ಒಂದು ಗೋಡೆ ತೆಗೆದು ಕಟ್ಟಲೇಬೇಕು ಎಂದು ಗೊತ್ತಾಯಿತು. ಬೆಲೆ ಮಾತಾಡುವಾಗ ಇದನ್ನು ಹೇಳಿದರು. ಆರೂವರೆ ಲಕ್ಷ ಹೇಳುತ್ತಿದ್ದವರು ಆರು ಲಕ್ಷಕ್ಕೆ ಇಳಿದರು.

ಕಾಗದ ಓದಿ

ಗೋಡೆ ಬಿದ್ದರೆ ಕಟ್ಟಬಹುದು. ಕಾಗದ ಸರಿಯಿಲ್ಲದಿದ್ದರೆ ಮನೆಯೇ ನಮ್ಮದಾಗುವುದಿಲ್ಲ.

ಮಾರುವವರ ಕೈಯಲ್ಲಿ ಏನೇನು ಇರಬೇಕು? ಅವರಿಗೆ ಆ ಮನೆ ಹೇಗೆ ಬಂತು ಎಂದು ಹೇಳುವ ಮೂಲಪತ್ರ ಬೇಕು. ಕೊಂಡದ್ದಾದರೆ ಕ್ರಯಪತ್ರ. ಪಾಲಿಗೆ ಬಂದದ್ದಾದರೆ ವಿಭಾಗಪತ್ರ. ನಕಲು ತೋರಿಸಿದರೆ ಸಾಲದು, ಅಸಲು ನೋಡಬೇಕು. ಅಸಲು ಎಲ್ಲೋ ಅಡವಿನಲ್ಲಿ ಇರಬಹುದು.

ಗ್ರಾಮ ಪಂಚಾಯಿತಿಯಿಂದ ಇ-ಸ್ವತ್ತು ದಾಖಲೆ ಬೇಕು. ಇದಕ್ಕೆ ನಮೂನೆ 9, ನಮೂನೆ 11 ಎಂದು ಹೆಸರು. ಹಳ್ಳಿಯ ಮನೆಯ ನೋಂದಣಿಗೆ ಇದು ಬೇಕೇ ಬೇಕು. ಇದರಲ್ಲಿ ಮನೆಯ ಅಳತೆ, ಚೆಕ್ಕುಬಂದಿ ಇರುತ್ತದೆ. ಚೆಕ್ಕುಬಂದಿ ಅಂದರೆ ಪೂರ್ವಕ್ಕೆ ಏನು, ಪಶ್ಚಿಮಕ್ಕೆ ಏನು, ಉತ್ತರಕ್ಕೆ ಏನು, ದಕ್ಷಿಣಕ್ಕೆ ಏನು ಎಂಬ ವಿವರ. ಕಾಗದ ಕೈಯಲ್ಲಿ ಹಿಡಿದು ಮನೆ ಸುತ್ತ ನಡೆಯಿರಿ. ಟೇಪು ಹಿಡಿದು ಅಳೆಯಿರಿ. ಕಾಗದದಲ್ಲಿ 30 ಅಡಿ ಇದ್ದು ನೆಲದಲ್ಲಿ 26 ಅಡಿ ಇದ್ದರೆ ಉಳಿದ 4 ಅಡಿ ಎಲ್ಲಿ ಹೋಯಿತು? ಪಕ್ಕದ ಮನೆಯವರನ್ನೂ ಒಂದು ಮಾತು ಕೇಳಿ. ನಾಳೆ ಅವರೇ ನಿಮ್ಮ ನೆರೆಯವರು.

ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ತೆಗೆಸಿ. ಜನ ಇದನ್ನು ಇ.ಸಿ. ಅನ್ನುತ್ತಾರೆ. ಆ ಮನೆಯ ಮೇಲೆ ರಿಜಿಸ್ಟರ್ ಆದ ಮಾರಾಟ, ಅಡಮಾನ ಇದ್ದರೆ ಇದರಲ್ಲಿ ಬರುತ್ತದೆ. 30 ವರ್ಷದ್ದು ಕೇಳಿ. ಕೈಸಾಲದ ವಿಷಯ ಇದರಲ್ಲಿ ಬರುವುದಿಲ್ಲ. ಅದನ್ನು ಊರಲ್ಲೇ ವಿಚಾರಿಸಬೇಕು. ಇನ್ನೊಂದು ಮಾತು. ಕಂದಾಯ ಕಟ್ಟಿದ ರಸೀದಿ ತೋರಿಸಿ ‘ನೋಡಿ, ಮನೆ ನಮ್ಮದೇ’ ಅನ್ನುವವರಿದ್ದಾರೆ. ಕಂದಾಯದ ರಸೀದಿ ಒಡೆತನದ ಪತ್ರ ಅಲ್ಲ. ಸರ್ಕಾರ ಕೊಟ್ಟ ನಿವೇಶನವಾದರೆ ಹಕ್ಕುಪತ್ರದ ಷರತ್ತು ಓದಿ. ಇಷ್ಟು ವರ್ಷ ಮಾರಕೂಡದು ಎಂದು ಬರೆದಿರಬಹುದು.

ಈಗ ವಂಶವೃಕ್ಷದ ಮಾತು. ಇದು ಮನೆತನದ ಪಟ್ಟಿ. ನಾಡಕಚೇರಿಯಿಂದ ಸಿಗುತ್ತದೆ. ಆ ಮನೆ ಮಾರುವವರ ಅಜ್ಜ ಕಟ್ಟಿಸಿದ್ದು. ತಂದೆ ತಾಯಿ ತೀರಿಹೋಗಿದ್ದಾರೆ. ಇಬ್ಬರು ಅಣ್ಣತಮ್ಮಂದಿರು ಮಾರಲು ಬಂದಿದ್ದರು. ಪತ್ರ ಬರಹಗಾರರು ಕ್ರಯಪತ್ರದ ಕರಡು ಬರೆದಿದ್ದರು. ಅದರಲ್ಲಿ ಎರಡು ಹೆಸರು. ಅಕ್ಕ ವಂಶವೃಕ್ಷವನ್ನು ಬೆರಳಿಟ್ಟು ನಿಧಾನವಾಗಿ ಓದಿದರು. ಅದರಲ್ಲಿ ಮೂರು ಹೆಸರು. ಮೂರನೆಯದು ಹೆಣ್ಣು ಹೆಸರು.

‘ಇವರು ಯಾರು?’ ಎಂದು ಅಕ್ಕ ಕೇಳಿದರು.

‘ನಮ್ಮ ತಂಗಿ. ಮದುವೆ ಮಾಡಿ ಕೊಟ್ಟಾಯ್ತಲ್ಲ. ಅರಸೀಕೆರೆ ಕಡೆ ಇದಾಳೆ’ ಎಂದರು ಅಣ್ಣ.

‘ಹಾಗಾದರೆ ಅವರ ರುಜು?’

‘ಅವಳ್ದೇನಮ್ಮ ರುಜು? ಅರಿಶಿನ ಕುಂಕುಮ ಕೊಟ್ಟು ಕಳಿಸಿದೀವಿ.’

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆ! ಕಾಯಿದೆ ಏನು ಹೇಳುತ್ತದೆ? ಹಿಂದೂ ಕುಟುಂಬಗಳ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಎಂದು ಕರ್ನಾಟಕದಲ್ಲಿ 1994ರಲ್ಲೇ ಕಾಯಿದೆ ಬಂತು. ಆದರೆ ಅದು ಅಷ್ಟರಲ್ಲಿ ಮದುವೆಯಾಗಿದ್ದವರಿಗೆ ಸಿಗಲಿಲ್ಲ. 2005ರ ಸೆಪ್ಟೆಂಬರ್ 9ರಿಂದ ಇಡೀ ದೇಶದ ಕಾಯಿದೆ ತಿದ್ದುಪಡಿಯಾಯಿತು. ಮದುವೆಯಾದ ಮಗಳಿಗೂ ಮಗನಷ್ಟೇ ಹಕ್ಕು ಬಂತು. ತಂದೆ ಅದಕ್ಕೂ ಮುಂಚೆ ತೀರಿಹೋಗಿದ್ದರೂ ಮಗಳ ಹಕ್ಕು ಉಳಿಯುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಪಾಲಾಗಿ ರಿಜಿಸ್ಟರ್ ಆಗಿದ್ದರೆ ಅದನ್ನು ಮತ್ತೆ ಕೆದಕುವ ಹಾಗಿಲ್ಲ. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ಕಾಯಿದೆ ಇದೆ. ಅಲ್ಲೂ ಹೆಣ್ಣುಮಕ್ಕಳಿಗೆ ಪಾಲುಂಟು.

ಅಂದರೆ ಆ ತಂಗಿಯ ರುಜು ಇಲ್ಲದೆ ಮನೆ ಕೊಂಡರೆ ನಾಳೆ ಅವಳು ಕೋರ್ಟಿಗೆ ಹೋಗಬಹುದು. ಹೋದರೆ ಅವಳದು ತಪ್ಪಲ್ಲ. ಮನೆ ಕೊಂಡವರ ಗತಿ ಏನು? 15 ವರ್ಷದ ಉಳಿತಾಯ ವಕೀಲರ ಪಾಲು.

ಅಕ್ಕ ಎದ್ದುಬಂದರು. ‘ತಂಗಿ ಬರಲಿ. ಆಮೇಲೆ ಮುಂಗಡ’ ಅಂದರು. ಮಾರುವವರಿಗೆ ಸಿಟ್ಟು ಬಂತು. ಬೇರೆ ಗಿರಾಕಿ ಇದ್ದಾರೆ ಎಂದು ಹೇಳಿಕಳಿಸಿದರು. ಅಕ್ಕನಿಗೆ ರಾತ್ರಿ ನಿದ್ದೆ ಇಲ್ಲ. ಬಾಡಿಗೆ ಮನೆ ಬಿಡಿ ಎಂದು ಅತ್ತ ಮನೆ ಮಾಲೀಕರು ಗಡುವು ಕೊಟ್ಟಿದ್ದರು. ಗಂಡ ‘ರುಜು ಹಾಕಿ ಮುಗಿಸೋಣ ಕಣೆ, ಎಲ್ಲರೂ ಹೀಗೇ ಮಾಡ್ತಾರೆ’ ಅಂದರಂತೆ. ಐದು ವಾರ ಹೀಗೇ ಕಳೆಯಿತು.

ಆ ನಡುವೆ ನಾವು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋದೆವು. ಇದು ತಾಲ್ಲೂಕು ಕೋರ್ಟಿನಲ್ಲಿ ಇರುತ್ತದೆ. 1987ರ ಕಾಯಿದೆ ಪ್ರಕಾರ ಹೆಂಗಸರಿಗೆ ಇಲ್ಲಿ ವಕೀಲರ ನೆರವು ಉಚಿತ. ಎಷ್ಟು ವರಮಾನ ಇದೆ ಎಂದು ನೋಡುವುದಿಲ್ಲ. ಫೋನು ಮಾಡುವುದಾದರೆ 15100. ವಕೀಲರು ಕಾಗದವೆಲ್ಲ ನೋಡಿ ‘ಮೂರು ಜನರ ರುಜು ಆಗಲೇಬೇಕು’ ಎಂದರು.

ಬೇರೆ ಗಿರಾಕಿಯೂ ಅದೇ ಮಾತು ಕೇಳಿದರೋ ಏನೋ. ಕೊನೆಗೆ ತಂಗಿ ಬಂದಳು. ಕರಡು ಪತ್ರ ಓದಿದಳು. ಆಕೆಯೂ ಓದು ಬಲ್ಲವಳು. ‘ಅಣ್ಣಾ, ನನ್ನ ರುಜುಗೆ ಜಾಗ ಬಿಟ್ಟಿದೀರ. ನನ್ನ ದುಡ್ಡು ಎಲ್ಲಿ ಬರೆದಿದೆ?’ ಅಂತ ಕೇಳಿದಳು. ಎಲ್ಲರೂ ಸುಮ್ಮನಾದರು. ‘ನಿನ್ನ ಮದುವೆಗೆ ಖರ್ಚು ಮಾಡಿಲ್ವೇನಮ್ಮ?’ ಎಂದರು ದೊಡ್ಡಣ್ಣ.

ನಮ್ಮ ಅಕ್ಕ ಆಗ ಬಾಯಿ ಬಿಟ್ಟರು. ‘ನಿಮ್ಮ ಮನೆ ಜಗಳ ನನಗೆ ಬೇಡಪ್ಪ. ನಾನು ಮೂರು ಚೆಕ್ಕು ಬರೀತೀನಿ. ಇಷ್ಟ ಇದ್ದರೆ ಮಾರಿ.’

ಆರು ಲಕ್ಷ, ಮೂರು ಪಾಲು. ಒಬ್ಬೊಬ್ಬರಿಗೆ ಎರಡು ಲಕ್ಷ. ಮುಂಗಡವಾಗಿ ಒಬ್ಬೊಬ್ಬರಿಗೆ 20,000 ರೂಪಾಯಿಯ ಚೆಕ್ಕು. ಉಳಿದ 1,80,000 ರಿಜಿಸ್ಟರ್ ದಿನ. ಕ್ರಯಪತ್ರದಲ್ಲಿ ಮೂರೂ ಚೆಕ್ಕಿನ ನಂಬರು ಬರೆಸಿದರು. ಆ ತಂಗಿ ಹೊರಗೆ ಬಂದು ಬೇವಿನ ಮರದ ಕೆಳಗೆ ಬಹಳ ಹೊತ್ತು ಕೂತಿದ್ದಳು. ಅಣ್ಣಂದಿರು ಅವತ್ತು ಮಾತಾಡದೆ ಹೋದರು. ಅದು ನಮಗೂ ಬೇಸರವೇ. ಆದರೂ ಅವಳ ಪಾಲು ಅವಳಿಗೆ ಸಿಕ್ಕಿತು.

ನೀವು ಕೊಳ್ಳುವವರಾಗದೇ ಇರಬಹುದು. ಆ ತಂಗಿಯ ಜಾಗದಲ್ಲಿ ಇರಬಹುದು. ತವರಿನಿಂದ ‘ಬಂದು ಒಂದು ರುಜು ಹಾಕಿ ಹೋಗು’ ಎಂದು ಕರೆ ಬಂದರೆ ಪತ್ರದ ಹೆಸರು ಮೊದಲು ಓದಿ. ಹಕ್ಕು ಬಿಡುಗಡೆ ಪತ್ರ ಎಂದಿದ್ದರೆ, ಪಾಲು ಬಿಟ್ಟುಕೊಡುತ್ತಿದ್ದೀರಿ ಎಂದು ಅರ್ಥ. ಬಿಡುವುದು, ಬಿಡದಿರುವುದು ನಿಮ್ಮ ಇಷ್ಟ. ಓದದೆ ಮಾತ್ರ ಬಿಡಬೇಡಿ.

ದುಡ್ಡಿನ ಲೆಕ್ಕ

ಮುಂಗಡ ಚೆಕ್ಕಿನಲ್ಲಿ ಏಕೆ? ಆಸ್ತಿ ಮಾರಾಟದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮುಂಗಡವನ್ನು ನಗದಾಗಿ ತೆಗೆದುಕೊಳ್ಳಬಾರದು ಎಂದು ಆದಾಯ ತೆರಿಗೆ ನಿಯಮ 2015ರಲ್ಲಿ ಬಂದಿದೆ. ನಮಗೂ ಅದೇ ಒಳ್ಳೆಯದು. ಬ್ಯಾಂಕಿನಲ್ಲಿ ಗುರುತು ಉಳಿಯುತ್ತದೆ.

ಮುಂಗಡ ಕೊಟ್ಟು ಕರಾರು ಬರೆಸಿಕೊಂಡರೆ ಮನೆ ನಮ್ಮದಾಯಿತೇ? ಇಲ್ಲ. 100 ರೂಪಾಯಿ ಅಥವಾ ಹೆಚ್ಚು ಬೆಲೆಯ ಮನೆ, ಜಮೀನು ಮಾರಾಟ ರಿಜಿಸ್ಟರ್ ಆಗಲೇಬೇಕು. ಬಿಳಿ ಕಾಗದದ ಮೇಲೆ ಪಂಚರ ರುಜು ಹಾಕಿಸಿ ‘ಕ್ರಯ ಆಯ್ತು’ ಅನ್ನುವುದು ನಡೆಯುವುದಿಲ್ಲ.

ರಿಜಿಸ್ಟರ್ ಖರ್ಚು ಕೇಳಿ ಅಕ್ಕ ಎದೆ ಹಿಡಿದುಕೊಂಡರು. ಮುದ್ರಾಂಕ ಶುಲ್ಕ ನೂರಕ್ಕೆ 5. ಆರು ಲಕ್ಷಕ್ಕೆ 30,000. ನೋಂದಣಿ ಶುಲ್ಕ ಮೊದಲು ನೂರಕ್ಕೆ 1 ಇತ್ತು. 2025ರ ಆಗಸ್ಟ್ 31ರಿಂದ 2 ಆಗಿದೆ. ಅದಕ್ಕೆ 12,000. ಮುದ್ರಾಂಕದ ಮೇಲೆ ಸೆಸ್ಸು, ಸರ್‌ಚಾರ್ಜು ಬೇರೆ. ಎಲ್ಲ ಕೂಡಿ 45,000 ದಾಟಿತು. ಸರ್ಕಾರದ ಮಾರ್ಗಸೂಚಿ ಬೆಲೆ ನಮ್ಮ ಬೆಲೆಗಿಂತ ಹೆಚ್ಚಿದ್ದರೆ ಆ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ. ಇದನ್ನು ಮೊದಲೇ ಕೇಳಿಕೊಳ್ಳಿ.

ಯಾರ ಹೆಸರಿಗೆ? ಅಕ್ಕ ತಮ್ಮ ಹೆಸರಿಗೇ ಮಾಡಿಸಿದರು. ದುಡಿದದ್ದು ಅವರೇ ಹೆಚ್ಚು. ಗಂಡನೂ ಒಪ್ಪಿದರು. ಜಂಟಿ ಹೆಸರಿಗೂ ಮಾಡಿಸಬಹುದು. ಹೆಂಗಸಿನ ಹೆಸರು ಪತ್ರದಲ್ಲಿ ಇರಲಿ ಎಂಬುದು ನಮ್ಮ ಅಭಿಪ್ರಾಯ. ಮನೆಯಿಂದ ಹೊರಡು ಎಂದು ಯಾರೂ ಹೇಳದ ಹಾಗೆ ಇರುತ್ತದೆ.

ರಿಪೇರಿಗೆ ಅಂತ ಒಂದೂವರೆ ಲಕ್ಷ ಅಕ್ಕ ಬೇರೆ ಇಟ್ಟಿದ್ದರು. ಕೊಳ್ಳುವುದಕ್ಕೇ ಎಲ್ಲ ಸುರಿದರೆ ಸೋರುವ ಮನೆಯಲ್ಲಿ ಕೂರಬೇಕಾಗುತ್ತದೆ.

ಮೇಲಿನಿಂದ ಶುರು

ರಿಪೇರಿ ಮಾಡಿಸಿದ್ದು ಧನುರ್ಮಾಸದಲ್ಲಿ. ಶೂನ್ಯಮಾಸ ಎಂದು ಆಗ ಯಾರೂ ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ. ಆದ್ದರಿಂದ ಕೆಲಸದವರು ಸಿಕ್ಕಿದರು. ಮಳೆಯೂ ಇರಲಿಲ್ಲ.

ಮೊದಲು ಮಾಡು. ಮಾಡು ಸೋರುತ್ತಿದ್ದರೆ ಕೆಳಗೆ ಏನು ಮಾಡಿಸಿದರೂ ಹಾಳು. ಹಂಚನ್ನೆಲ್ಲ ಇಳಿಸಿ, ತೊಳೆದು, ಒಂದೊಂದನ್ನೂ ಬಡಿದು ನೋಡಿದೆವು. ಟಣ್ ಎಂದರೆ ಒಳ್ಳೆಯದು. ಸೀಳು ಸದ್ದು ಬಂದರೆ ಬೇಡ. ಆ ಮನೆಯದು ಮಂಗಳೂರು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಇದರ ಕಾರ್ಖಾನೆ ತೆರೆದರು. ಅಲ್ಲಿಂದ ಊರೂರಿಗೆ ಹೋಯಿತು. ಒಂದು ಚದರಕ್ಕೆ, ಅಂದರೆ 100 ಚದರ ಅಡಿಗೆ, ಸುಮಾರು 150 ಹಂಚು ಬೇಕು. ಒಡೆದ ಹಂಚಿನ ಬದಲಿಗೆ ಹಳೆಯ ಮನೆ ಕೆಡವಿದ ಕಡೆಯಿಂದ ಹಂಚು ತಂದರು. ಅಗ್ಗವಾಯಿತು. ಅಳತೆಯೂ ಕೂಡಿತು. ಎರಡು ಪಕಾಸು, ಅರ್ಧದಷ್ಟು ರೀಪು ಹೊಸದು ಹಾಕಿಸಿದರು. ಹಾಕುವ ಮುಂಚೆ ಮರಕ್ಕೆ ಗೇರೆಣ್ಣೆ ಬಳಿಸಿದರು. ಗೆದ್ದಲು ತಡೆಯುತ್ತದೆ. ಕೈಗೆ ತಗುಲಿದರೆ ಚರ್ಮ ಸುಡುತ್ತದೆ, ಜೋಕೆ. ರಿಪೇರಿ ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡಿಗೇ ಹೋಯಿತು.

ಆಮೇಲೆ ನೀರು. ಬಚ್ಚಲಿಗೆ ಹೊಸ ಚರಂಡಿ ಮಾಡಿ ನೀರನ್ನು ಹಿತ್ತಲ ಬಾಳೆಗೆ ಬಿಟ್ಟರು. ಗೋಡೆಯ ಬುಡ ಒಣಗಿದ ಮೇಲೆ ಆ ಗೋಡೆ ಕಟ್ಟಿದರು.

ಉಳಿದ ಗೋಡೆಗಳು ಮಣ್ಣಿನವು. ಗಾರೆಯವರು ಸಿಮೆಂಟು ಬಳಿಯೋಣ ಅಂದರು. ಪಕ್ಕದ ಮನೆಯ ಅಜ್ಜಿ ಬೇಡ ಅಂದರು. ಅಜ್ಜಿಯ ಮಾತೇ ಸರಿ. ಮಣ್ಣಿನ ಗೋಡೆ ತೇವ ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಮೇಲೆ ಸಿಮೆಂಟು ಮೆತ್ತಿದರೆ ತೇವ ಒಳಗೇ ನಿಲ್ಲುತ್ತದೆ. ಸಿಮೆಂಟಿಗೂ ಮಣ್ಣಿಗೂ ಹಿಡಿತ ಕೂಡುವುದಿಲ್ಲ. ಕೆಲವು ವರ್ಷಕ್ಕೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಕೆಮ್ಮಣ್ಣು, ಮರಳು, ಹೊಟ್ಟು ಕಲಸಿ ಕೆಲವು ದಿನ ನೆನೆಯಲು ಬಿಟ್ಟು, ತುಳಿದು, ಅದನ್ನೇ ಮೆತ್ತಿದೆವು. ನಮ್ಮ ಕೇಂದ್ರದ ಹನ್ನೊಂದು ಜನ ಸೇರಿದ್ದೆವು. ಎರಡು ದಿನದ ಕೂಲಿ ಉಳಿಯಿತು. ಮೇಲೆ ಸುಣ್ಣ. ಸುಣ್ಣ ಅರಳಿಸುವಾಗ ಮಕ್ಕಳು ಹತ್ತಿರ ಇರಬಾರದು. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು.

ಹಳೆಯ ಮನೆಯ ಕರೆಂಟು ವೈರನ್ನು ನಂಬಬೇಡಿ. ಇಲಿ ಕಡಿದಿರುತ್ತದೆ. ಒದ್ದೆ ಗೋಡೆ ಮುಟ್ಟಿದರೆ ಜುಮ್ ಎಂದರೆ ತಕ್ಷಣ ಮೇನ್ ಸ್ವಿಚ್ ಆರಿಸಿ. ಲೈಸೆನ್ಸ್ ಇರುವವರಿಂದ ಹೊಸ ವೈರಿಂಗ್, ಅರ್ಥಿಂಗ್ ಮಾಡಿಸಿ. ಆರ್.ಸಿ.ಸಿ.ಬಿ. ಎಂಬ ಒಂದು ಸ್ವಿಚ್ ಬರುತ್ತದೆ. 30 ಮಿಲಿಆಂಪ್‌ನದು ಕೇಳಿ. ಕರೆಂಟು ಮೈಗೆ ಹರಿದರೆ ಅದು ತಾನಾಗಿ ಬಂದ್ ಆಗುತ್ತದೆ. ಬಣ್ಣದ ದುಡ್ಡು ಉಳಿಸಿ ಇದನ್ನು ಹಾಕಿಸಿ.

ಅಟ್ಟ, ಮೂಲೆ ಖಾಲಿ ಮಾಡುವಾಗ ಬರಿಗೈ ಹಾಕಬೇಡಿ. ಬಹಳ ದಿನ ಬೀಗ ಹಾಕಿದ ಮನೆಯಲ್ಲಿ ಚೇಳು, ಹಾವು ಸೇರಿರುತ್ತವೆ. ಕೋಲಿನಿಂದ ಮೊದಲು ಸದ್ದು ಮಾಡಿ. ಹಾವು ಕಚ್ಚಿದರೆ 108ಕ್ಕೆ ಫೋನು, ನೇರ ಆಸ್ಪತ್ರೆ.

ಮಾಘಮಾಸದಲ್ಲಿ ಅಕ್ಕ ಹಾಲು ಉಕ್ಕಿಸಿದರು. ನೆಲಕ್ಕೆ ಇನ್ನೂ ಕಲ್ಲು ಹಾಕಿಸಿರಲಿಲ್ಲ, ಸಾರಿಸಿದ ನೆಲವೇ. ಕಲ್ಲು ಮುಂದಿನ ವರ್ಷ ಅಂದರು. ಅರಸೀಕೆರೆಯ ತಂಗಿಯನ್ನೂ ಕರೆದಿದ್ದರು. ಅವಳು ಹುಟ್ಟಿ ಬೆಳೆದ ಮನೆ. ಅಡಿಗೆಮನೆಯ ಗೂಡಿನಲ್ಲಿ ಅವಳ ಅವ್ವ ದೀಪ ಇಡುತ್ತಿದ್ದ ಜಾಗ ತೋರಿಸಿದಳು. ಅಕ್ಕ ಅಲ್ಲೇ ದೀಪ ಇಟ್ಟರು.

ಒಕ್ಕಲು ಬಂದ ಮೇಲೂ ಓಡಾಟ ಇದೆ. ಪಂಚಾಯಿತಿಯಲ್ಲಿ ಖಾತೆ ಬದಲಾಗಬೇಕು. ಹಳೆಯ ಕಂದಾಯ, ನೀರಿನ ಬಾಕಿ, ಕರೆಂಟು ಬಾಕಿ ಇದ್ದರೆ ರಿಜಿಸ್ಟರ್‌ಗೆ ಮುಂಚೆಯೇ ಮಾರುವವರಿಂದ ಕಟ್ಟಿಸಬೇಕು. ಕರೆಂಟು ಬಿಲ್ಲಿನ ಆರ್.ಆರ್. ನಂಬರು ನಮ್ಮ ಹೆಸರಿಗೆ ಆಗಬೇಕು. ರೇಷನ್ ಕಾರ್ಡಿನ, ಮತದಾರರ ಪಟ್ಟಿಯ ವಿಳಾಸ ಬದಲಾಗಬೇಕು. ಪ್ರತಿ ಅರ್ಜಿಗೂ ಸ್ವೀಕೃತಿ ಕೇಳಿ ಪಡೆಯಿರಿ. ಅಕ್ಕ ಇವನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಗೆದ್ದಲು ಹತ್ತದ ಹಾಗೆ ಕಬ್ಬಿಣದ ಟ್ರಂಕಿನಲ್ಲಿ ಇಟ್ಟಿದ್ದಾರೆ. ಬೀಗದ ಕೈ ಅವರ ಸೆರಗಿನಲ್ಲೇ ಇದೆ.

ಬರೆಯಿರಿ

ನೀವು ಇರುವ ಮನೆಯ ಚೆಕ್ಕುಬಂದಿ ಬರೆಯಿರಿ. ಪೂರ್ವಕ್ಕೆ ಏನು? ಪಶ್ಚಿಮಕ್ಕೆ? ಉತ್ತರಕ್ಕೆ? ದಕ್ಷಿಣಕ್ಕೆ?

ನಿಮ್ಮ ಮನೆಯ ಪತ್ರದಲ್ಲಿ ಯಾರ ಯಾರ ಹೆಸರಿದೆ? ಪತ್ರ ತೆಗೆದು ಓದಿ, ಹೆಸರುಗಳನ್ನು ಇಲ್ಲಿ ಬರೆಯಿರಿ.

ಒಂದು ಮನೆಯ ಬೆಲೆ 4,00,000 ರೂಪಾಯಿ. ಮಾರುವವರು ಒಬ್ಬ ಮಗ, ಮೂವರು ಹೆಣ್ಣುಮಕ್ಕಳು. ಎಲ್ಲರಿಗೂ ಸಮಪಾಲು. ಒಬ್ಬೊಬ್ಬರಿಗೆ ಎಷ್ಟು ರೂಪಾಯಿಯ ಚೆಕ್ಕು ಬರೆಯಬೇಕು?